ಕಲಸಿದ ಆಕಾಶ

ಹಿಟ್ಟಿಗೆ ನೀರು ತುಸು ಹೆಚ್ಚಾಗಿ ಬೆರಳಿಗೆಲ್ಲ ಮೆತ್ತಿಕೊಂಡಿದ್ದಾಗಲೇ ಫೋನು ಹೊಡೆದುಕೊಂಡಿತು. ಮೊಣಕೈಯಿಂದ ಒತ್ತಲು ನೋಡಿ ಅವಳು ಸೋತಳು. ಕಿಟಕಿಯ ಬಳಿ ಬಟಾಣಿ ಬಿಡಿಸುತ್ತಿದ್ದ ಅತ್ತೆ ಎದ್ದು ಬಂದು ಫೋನನ್ನು ಸೊಸೆಯ ಕಿವಿಗೆ ಹಿಡಿದರು. ಆ ಕಡೆಯಿಂದ ಗುಬ್ಬಿ, ಆಕಾಶ ವೀಕ್ಷಣಾ ಕೇಂದ್ರದಲ್ಲಿ ಲೆಕ್ಕದ ಪ್ರೋಗ್ರಾಮು ಬರೆಯುವವಳು. ಆಳು ಪುಟ್ಟದು, ದನಿ ಮಾತ್ರ ಇಡೀ ಅಡುಗೆಮನೆಗೆ ಕೇಳುವಂಥದ್ದು.

"ಅಕ್ಕ, ಎಲ್ಲರೂ ಒಪ್ಪಿದ್ದಾರೆ. ಕಲಸಿದ್ದನ್ನ ಇವತ್ತೇ ಬಿಡಿಸೋದು. ನೀವು ಬರೋವರೆಗೂ ಯಾರೂ ಮುಟ್ಟಲ್ಲ."

"ಇಲ್ಲಿ ಕಲಸ್ತಾ ಇದಾಳೆ, ಅಲ್ಲಿ ಬಿಡಿಸೋಕೆ ಕರೀತಾರೆ," ಎಂದು ಅತ್ತೆ ಫೋನಿಗೇ ಹೇಳಿದರು. "ತಡಿ, ನಾನೂ ಬರ್ತೀನಿ."

ಅವಳು ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಕೈ ತೊಳೆದು, ಇಬ್ಬರ ಕೋಟುಗಳನ್ನೂ ತಂದಳು. ಬಾಗಿಲ ಹೊರಗೆ ಎತ್ತರದ ಬಯಲು. ಬಯಲಿನ ತುಂಬ ಸಾಲು ಸಾಲಾಗಿ ಉಕ್ಕಿನ ತೊಟ್ಟಿಗಳು. ಒಂದೊಂದರಲ್ಲೂ ಕನ್ನಡಿಯಂಥ ನೀರು, ಬೆಳಕಿನ ಎಳೆಯೂ ನುಸುಳದಂಥ ಮುಚ್ಚಳ. "ನೀರು ತುಂಬಿಸಿ, ಮುಚ್ಚಳ ಹಾಕಿ, ಒಳಗೆ ಕತ್ತಲು ಮಾಡಿ, ಆಕಾಶ ನೋಡ್ತೀನಿ ಅಂತಾಳೆ ನನ್ನ ಸೊಸೆ. ಅದಕ್ಕೆ ಸಂಬಳ ಬೇರೆ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಆಕಾಶಗಂಗೆಯ ನಡುಮಧ್ಯದಿಂದ ಹೊರಟ ಗಾಮಾ ಕಿರಣ ನೆಲಕ್ಕೆ ಮುಟ್ಟುವುದಿಲ್ಲ. ಮೇಲಿನ ಗಾಳಿಗೆ ಬಡಿದು ಚೂರಾಗಿ, ಕಣಗಳ ಸುರಿಮಳೆಯಾಗಿ ಇಳಿಯುತ್ತದೆ. ಆ ಕಣಗಳು ತೊಟ್ಟಿಯ ನೀರನ್ನು ಹಾಯುವಾಗ ನೀಲಿ ಬೆಳಕೊಂದು ಮಿಣುಕುತ್ತದೆ. ಯಾವ ತೊಟ್ಟಿ ಮೊದಲು ಮಿಣುಕಿತು, ಯಾವುದು ಆಮೇಲೆ ಎಂದು ನೋಡಿದರೆ ಬಂದ ದಿಕ್ಕು ತಿಳಿಯುತ್ತದೆ. ಅದಕ್ಕೆ ಹಗಲಾದರೇನು, ಇರುಳಾದರೇನು.

ಕಷ್ಟವೆಂದರೆ, ಕಾಳಿಗಿಂತ ಹೊಟ್ಟು ಹೆಚ್ಚು. ಎಲ್ಲೆಲ್ಲಿಂದಲೋ ಬರುವ ಬೇರೆ ಕಣಗಳೂ ತೊಟ್ಟಿಯಲ್ಲಿ ಮಿಣುಕುತ್ತವೆ. ಅವನ್ನು ಜರಡಿ ಹಿಡಿಯಬೇಕು. ಆಕಾಶದ ಚಿತ್ರ ನೋಡುತ್ತಲೇ ಜರಡಿ ಹಿಡಿದರೆ ಮನಸ್ಸು ಬಯಸಿದ ಕಡೆಗೆ ಕೈ ವಾಲುತ್ತದೆ. ಹಾಗಾಗಿ ಜರಡಿ ಸರಿಹೊಂದಿಸುವಷ್ಟು ಕಾಲವೂ ಒಂದು ಮಿಣುಕಿನ ವೇಳೆಯನ್ನು ಇನ್ನೊಂದಕ್ಕೆ ಹಚ್ಚಿ ಕಲಸಿಬಿಡುತ್ತಿದ್ದರು. ಭೂಮಿ ತಿರುಗುತ್ತಲೇ ಇರುವುದರಿಂದ, ವೇಳೆ ತಪ್ಪಿದರೆ ಎಲ್ಲವೂ ಆಕಾಶದಲ್ಲಿ ತಪ್ಪು ಜಾಗಕ್ಕೆ ಹೋಗಿ ಕೂರುತ್ತಿತ್ತು. ಚಿತ್ರದಲ್ಲಿ ದೀಪದಂತೆ ಹೊಳೆಯಬೇಕಾದ ಜಾಗವೂ ಕರಗಿಹೋಗುತ್ತಿತ್ತು. ಈ ಕೆಲಸಕ್ಕೆ ಅವರಿಟ್ಟ ಹೆಸರು ಕಲಸುಮೇಲೋಗರ. ಜರಡಿ ಇದೇ ಎಂದು ಎಲ್ಲರೂ ಒಪ್ಪಿದ ಮೇಲೆ ಒಮ್ಮೆ ಬಿಡಿಸಿ ನೋಡುವುದು. ನೋಡಿದ ಮೇಲೆ ಜರಡಿ ತಿದ್ದುವ ಹಾಗಿಲ್ಲ.

ಇಂಥ ಕಟ್ಟುನಿಟ್ಟಿನ ಹೆಂಗಸು ತನ್ನ ಬದುಕಿನ ವಿಷಯದಲ್ಲಿ ಮಾತ್ರ ಕಳ್ಳಾಟ ಆಡುತ್ತಿದ್ದಳು. ನಗರದ ಪ್ರಧಾನ ಕಚೇರಿ ಅವಳನ್ನು ದೊಡ್ಡ ಕುರ್ಚಿಗೆ ಕರೆದಿತ್ತು. ಬೆಚ್ಚನೆಯ ಕೋಣೆ, ಅತ್ತೆಯ ಮಂಡಿನೋವಿಗೆ ಲಿಫ್ಟು ಇರುವ ಮನೆ, ಹಡಗಿನ ಕೆಲಸದ ಗಂಡ ರಜಕ್ಕೆ ಬಂದರೆ ಹತ್ತಿರದಲ್ಲೇ ಬಂದರು. ಸಂಜೆಯೊಳಗೆ ಉತ್ತರ ಹೇಳಬೇಕು. ನಡುಮಧ್ಯದಲ್ಲಿ ದೀಪ ಕಂಡರೆ ಇಲ್ಲಿ ಉಳಿಯುವುದು, ಕಾಣದಿದ್ದರೆ ಇಷ್ಟು ವರ್ಷ ತೊಟ್ಟಿಗಳನ್ನು ಕಾದದ್ದು ಸಾಕೆಂದು ಹೊರಡುವುದು ಎಂದು ಒಳಗೊಳಗೇ ಪಣ ಕಟ್ಟಿಕೊಂಡಿದ್ದಳು. ನಿನಗೇನು ಬೇಕು ಎಂದು ಅತ್ತೆ ಕೇಳಿದಾಗಲೆಲ್ಲ 'ನೋಡೋಣ' ಎಂದು ಜಾರಿಕೊಂಡಿದ್ದಳು.

ಕೇಂದ್ರದ ಕೋಣೆಯಲ್ಲಿ ಹೀಟರು ಗುರುಗುಡುತ್ತಿತ್ತು. ತೊಟ್ಟಿಗಳ ನೀರು ನೋಡಿಕೊಳ್ಳುವ ಹಿರಿಯ ಎಂಜಿನಿಯರು, ಎಲ್ಲರ ಬಾಯಲ್ಲೂ ಕೊಳಾಯಿ ಮಾಮ, ಅತ್ತೆಗೆ ಚಕ್ರ ಮುರಿಯದ ಒಂದೇ ಕುರ್ಚಿಯನ್ನು ಬಿಟ್ಟುಕೊಟ್ಟರು. ಗುಬ್ಬಿ ಸಾಲೊಂದನ್ನು ಟೈಪು ಮಾಡಿ, ಕಣ್ಣು ಮುಚ್ಚಿ, ಗುಂಡಿ ಒತ್ತಿದಳು.

ಪರದೆಯ ಮೇಲೆ ಆಕಾಶ ಪಟ್ಟಿ ಪಟ್ಟಿಯಾಗಿ ಮೂಡಿತು. ಬೂದು ಬಣ್ಣ. ಈ ಅಂಚಿನಿಂದ ಆ ಅಂಚಿನವರೆಗೆ ರಾಗಿ ಚೆಲ್ಲಿದ ಹಾಗೆ ಬರೀ ಚುಕ್ಕೆ. ನಡುಮಧ್ಯ ಇರಬೇಕಾದ ಜಾಗದಲ್ಲೂ ಅದೇ ರಾಗಿ.

ಕೊಳಾಯಿ ಮಾಮ ಕನ್ನಡಕ ತೆಗೆದು ಒರೆಸತೊಡಗಿದರು. ಗುಬ್ಬಿಯ ಮೂಗು ಕೆಂಪಾಯಿತು.

ಎದೆ ಕುಸಿಯಲೆಂದು ಅವಳು ಕಾದಳು. ಕುಸಿಯಲಿಲ್ಲ. ಲಿಫ್ಟಿನ ಮನೆಯನ್ನು ನೆನೆಯಬೇಕೆಂದುಕೊಂಡಳು. ಮನಸ್ಸು ಆಗಲೇ ಅವಳ ಕೈ ಕೊಡವಿಕೊಂಡು ಬಯಲಿಗೆ ಓಡಿಹೋಗಿತ್ತು. ಕೊನೆಯ ಸಾಲಿನ ನೀರು ಹಳೆಯದಾಗಿದೆ, ಬದಲಿಸಬೇಕು. ಚಿಕ್ಕ ಸುರಿಮಳೆಗಳಿಗೆ ಬೇರೆ ಜರಡಿಯೇ ಬೇಕೇನೋ. ಮುಂದಿನ ವರ್ಷ ಇನ್ನೊಂದು ಸಾಲು ತೊಟ್ಟಿ ಕೇಳಿದರೆ ಹೇಗೆ? ಅಡುಗೆ ಸೀದುಹೋದ ದಿನವೇ ನಾಳೆಗೆ ಏನು ಮಾಡಲಿ ಎಂದು ಯೋಚಿಸುವವಳ ಹಾಗೆ ತಾನು ನಿಂತಿರುವುದು ಕಂಡು ಅವಳಿಗೇ ಸೋಜಿಗವಾಯಿತು. ಎಲ್ಲಿಗೂ ಹೋಗುವುದಿಲ್ಲ, ಎಂದುಕೊಂಡಳು. ಬೂದು ಆಕಾಶವನ್ನು ನೋಡುತ್ತಲೇ ಅಂದುಕೊಂಡಳು. ತಲೆಯ ಮೇಲಿನ ಹೊರೆ ಇಳಿಸಿದ ಹಾಗೆ ಕತ್ತು ಹಗುರಾಯಿತು.

ಹಗುರಾದ ಮೇಲೆ ಕಣ್ಣು ತನ್ನ ಕೆಲಸ ಮಾಡಿತು. ಮೇಲಿನ ಮೂಲೆಯಲ್ಲಿ ಇರಲೇಬೇಕಾದದ್ದೊಂದು ಇರಲಿಲ್ಲ. ಎಂದೋ ಸಿಡಿದ ನಕ್ಷತ್ರದ ಪಳೆಯುಳಿಕೆ ಅದು. ತೊಟ್ಟಿಗಳು ಸರಿಯಾಗಿವೆಯೇ ಎಂದು ನೋಡಲು ಮೊದಲಿನಿಂದಲೂ ಅವರಿಗೆ ಅದೇ ಗುರುತು. ಕುರುಡರಿಗೂ ಕಾಣುವಷ್ಟು ಬೆಳಕಾದ್ದರಿಂದ ಬೀದಿದೀಪ ಎನ್ನುತ್ತಿದ್ದರು.

"ಗುಬ್ಬಿ, ಬೀದಿದೀಪ ಎಲ್ಲಿ ಹೋಯ್ತಮ್ಮ?"

ಗುಬ್ಬಿ ಪರದೆ ನೋಡಿದಳು. ತಾನು ಟೈಪು ಮಾಡಿದ ಸಾಲು ನೋಡಿದಳು. ಎರಡೂ ಕೈ ಬಾಯಿಗೆ ಹೋದವು. "ಅಕ್ಕ, ಕಲಸೋದನ್ನ ನಿಲ್ಲಿಸೇ ಇಲ್ಲ ನಾನು." ವರ್ಷಗಟ್ಟಲೆ ಅದೇ ಸಾಲು ಬರೆದ ಬೆರಳುಗಳು ಇವತ್ತೂ ತಮ್ಮಷ್ಟಕ್ಕೆ ತಾವೇ ಅದನ್ನೇ ಬರೆದಿದ್ದವು.

"ಬಿಡಿಸ್ತೀವಿ ಅಂತ ಕರೆದು ಮತ್ತೆ ಕಲಸಿದ್ರಾ?" ಎಂದರು ಅತ್ತೆ. "ಇದಕ್ಕೆ ನಮ್ಮ ಅಡುಗೆಮನೆ ಸಾಲ್ದಾಗಿತ್ತಾ?"

ಮೊದಲು ನಕ್ಕವರು ಕೊಳಾಯಿ ಮಾಮ. ಅಳುತ್ತಲೇ ನಗುತ್ತ ಗುಬ್ಬಿ ಸಾಲು ತಿದ್ದಿದಳು. ಪಟ್ಟಿಗಳು ಮತ್ತೆ ಮೂಡಿದವು. ಮೂಲೆಯಲ್ಲಿ ಬೀದಿದೀಪ ಜಗ್ಗನೆ ಹತ್ತಿತು. ಚಿತ್ರ ಕೆಳಗಿಳಿಯಿತು. ಕೆಳಗಿನ ಅಂಚಿನ ಹತ್ತಿರ, ನಡುಮಧ್ಯದಲ್ಲಿ, ಬೂದಿಯೊಳಗಿನ ಕೆಂಡದ ಹಾಗೆ ಒಂದು ಕಿತ್ತಳೆ ಮಚ್ಚೆ. ಕೊಳಾಯಿ ಮಾಮ ಅಂಕಿ ಓದಿದರು. ಇಷ್ಟಿದ್ದರೆ ದೀಪ ನಿಜ ಎಂದು ತಾವೇ ಮೊದಲು ಎಳೆದುಕೊಂಡಿದ್ದ ಗೆರೆಯನ್ನು ಅದು ದಾಟಿತ್ತು. ಆಮೇಲೆ ಕೋಣೆಯಲ್ಲಿ ಯಾರು ಯಾರನ್ನು ತಬ್ಬಿದರೋ ಲೆಕ್ಕವಿಲ್ಲ. ಹೀಟರಿನ ಮೇಲಿದ್ದ ಚಹದ ಲೋಟ ಉರುಳಿದ್ದೂ ಯಾರಿಗೂ ತಿಳಿಯಲಿಲ್ಲ.

ಅತ್ತೆ ಪರದೆಯ ಹತ್ತಿರ ಬಂದು ಮಚ್ಚೆಯನ್ನು ಮುಟ್ಟಿ ನೋಡಿದರು. "ಎಷ್ಟು ದೂರದಿಂದ ಬಂದಿದೆ ಇದು?"

"ಹೊರಟು ಇಪ್ಪತ್ತಾರು ಸಾವಿರ ವರ್ಷ ಆಯ್ತು, ಅತ್ತೆ."

"ಪಾಪ. ಅಷ್ಟು ದೂರದಿಂದ ಬಂದೋರಿಗೆ ನೀರಾದ್ರೂ ಕೊಡಬೇಡ್ವಾ?"

"ಅದಕ್ಕೇ ಅಲ್ವಾ ತೊಟ್ಟಿ ತುಂಬಿಸಿಟ್ಟಿರೋದು," ಎಂದರು ಕೊಳಾಯಿ ಮಾಮ.

ಮನೆಗೆ ಬಂದಾಗ ತೊಟ್ಟಿಗಳ ನೆರಳು ಉದ್ದವಾಗಿತ್ತು. ಪ್ರಧಾನ ಕಚೇರಿಯವರೇ ಫೋನು ಮಾಡಿದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಇಂಥದ್ದು ಸಿಕ್ಕಿದ ಮೇಲೆ ನಿಮ್ಮನ್ನು ಅಲ್ಲಿಂದ ಏಳಿಸುವವರು ಯಾರು ಎಂದು ಅವರೇ ಉತ್ತರವನ್ನೂ ಹೇಳಿಬಿಟ್ಟರು. ಇಲ್ಲೇ ಇರುತ್ತೇನೆ ಎಂದಷ್ಟೇ ಅವಳು ಹೇಳಿ ಫೋನಿಟ್ಟಳು.

ಅತ್ತೆ ಮತ್ತೆ ಬಟಾಣಿಯ ಮುಂದೆ ಕೂತಿದ್ದರು. "ಸದ್ಯ, ಲಿಫ್ಟಲ್ಲಿ ಸಿಕ್ಕಾಕೊಳ್ಳೋ ಭಯ ತಪ್ಪಿತು ನಂಗೆ. ಅಲ್ವೇ, ಆ ದೀಪ ಹತ್ತದೇ ಇದ್ದಿದ್ರೆ ಗಂಟುಮೂಟೆ ಕಟ್ಟಿಬಿಡ್ತಿದ್ದೆ ತಾನೇ ನೀನು?"

ಸೊಸೆ ಅತ್ತೆಯ ಕಡೆ ತಿರುಗಿ ನಕ್ಕಳು. ಹಿಟ್ಟಿನ ಮೇಲಿನ ಬಟ್ಟೆ ಸರಿಸಿದಳು. ಬೆಳಿಗ್ಗೆ ಅಂಟಂಟಾಗಿದ್ದದ್ದು ನೀರನ್ನೆಲ್ಲ ಒಳಗೆಳೆದುಕೊಂಡು ಮಗುವಿನ ಕೆನ್ನೆಯ ಹಾಗಾಗಿತ್ತು. ಬೆರಳಿನಿಂದ ಒತ್ತಿದಳು. ಗುಳಿ ಬಿತ್ತು, ಅವಳು ನೋಡುತ್ತಿದ್ದ ಹಾಗೆಯೇ ಅದು ನಿಧಾನವಾಗಿ ಮೇಲೆದ್ದು ಸಮವಾಯಿತು.