ಗೂಡಿನಲ್ಲಿಟ್ಟ ಕದಿರು

ಮತ್ತೋಡಿನ ಕರಿಸಿದ್ದಪ್ಪನಿಗೆ ಕೂತು ಯೋಚಿಸುವುದು ಗೊತ್ತಿರಲಿಲ್ಲ. ಯಾರು ಏನು ಕೇಳಿದರೂ "ತಡಿ, ಒಂದು ಸುತ್ತು ಹೋಗಿಬತ್ತೀನಿ" ಎಂದು ಕದಿರು ಹಿಡಿದು, ಉಣ್ಣೆ ನೂಲುತ್ತ ಕುರಿ ರೊಪ್ಪವನ್ನು ಸುತ್ತಿ ಬರುತ್ತಿದ್ದ. ಮಗಳಿಗೆ ಗಂಡು ಗೊತ್ತು ಮಾಡಿದ್ದೂ ಹಾಗೆಯೇ. ನಾಲ್ಕು ಮೊಳ ನೂಲಾಗುವಷ್ಟರಲ್ಲಿ ಮಾತು ಸಿದ್ಧವಾಗಿರುತ್ತಿತ್ತು.

ಎಪ್ಪತ್ನಾಲ್ಕನೇ ಇಸವಿಯ ಕಾರ್ತಿಕದಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತೂ ಬಿತ್ತು. ಹೆಂಡತಿ ಕಾಳಕ್ಕ ಆ ಸಂಜೆಯೇ ಕದಿರನ್ನು ತೊಳೆದು ಗೋಡೆಯಲ್ಲಿದ್ದ ಮನೆದೇವರು ಬೀರಪ್ಪನ ಗೂಡಿನಲ್ಲಿಟ್ಟು ಹರಕೆ ಹೊತ್ತಳು: ಗಂಡ ತನ್ನನ್ನು ಬಾಯಿ ಬಿಟ್ಟು ಕರೆಯುವ ತನಕ ಇದನ್ನು ಯಾರೂ ಮುಟ್ಟಕೂಡದು.

"ದೇವ್ರೇನು ಕಂಬ್ಳಿ ನೇಯ್ತಾನಾ ಅತ್ತಿಗೆ?" ಎಂದ ಮೈದುನ ಸಣ್ಣಪ್ಪ.

"ಮುಚ್ಚಲೇ ಬಾಯಿ! ನಿನ್ನ ನಾಲಿಗೇಗೆ ಹುಳ ಬೀಳ!"

ಕೆಲವು ತಿಂಗಳ ಮೇಲೆ ಅವನ ಬಲಗೈಯ ಹೆಬ್ಬೆರಳು, ತೋರುಬೆರಳು ಒಂದನ್ನೊಂದು ಉಜ್ಜತೊಡಗಿದವು. ರೋಗದ ನಡುಕವೆಂದು ಬಗೆದ ಕಾಳಕ್ಕ ಆ ಕೈಗೆ ದೇವರ ಭಂಡಾರದ ಅರಿಶಿನ ಹಚ್ಚಿ ಕಂಬಳಿಯೊಳಗೆ ಒತ್ತಿಡುತ್ತಿದ್ದಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಗೂಡಿನ ಕಡೆ ನೋಡುತ್ತಿದ್ದ. ದೇವರನ್ನು ನೆನೆಯುತ್ತಿದ್ದಾನೆಂದು ಅವಳೂ ಕೈಮುಗಿಯುತ್ತಿದ್ದಳು.

ಮುಂಗಾರಿಗೆ ಮೊದಲು ಸಣ್ಣಪ್ಪ ಹಠ ಹಿಡಿದು ಇಬ್ಬರನ್ನೂ ಹಿರಿಯೂರಿಗೆ ಕರೆದೊಯ್ದ. ಅಲ್ಲಿಯ ಮುದುಕ ಡಾಕ್ಟರು ಆ ಬೆರಳುಗಳನ್ನೇ ಬಹಳ ಹೊತ್ತು ನೋಡಿದರು.

"ಇವರು ಏನು ಕೆಲಸ ಮಾಡ್ತಿದ್ರಮ್ಮ?"

"ಕುರಿ ಕಾಯ್ತಿದ್ರು, ಉಣ್ಣೆ ನೂಲ್ತಿದ್ರು ಸ್ವಾಮಿ."

"ಈಗಲೂ ನೂಲ್ತಾ ಇದ್ದಾರೆ ನೋಡು. ತಲೆಯೊಳಗೆ ಯೋಚನೆ, ಮಾತು, ಕೈಕಾಲು ಎಲ್ಲ ನಡುಗೋಡೆ ಹಂಚಿಕೊಂಡ ಮನೆಗಳಿದ್ದಂಗೆ. ಇಲ್ಲಿ ಸದ್ದಾದ್ರೆ ಅಲ್ಲೂ ಎಚ್ಚರ ಆಗತೈತೆ. ಮೊದಲೇ ಆ ಕೈಗೆ ಕದಿರು ಕೊಟ್ಟಿದ್ರೆ..."



ಮನೆಗೆ ಬಂದವಳೇ ಕಾಳಕ್ಕ ಗೂಡಿನಿಂದ ಕದಿರು ತೆಗೆದು ಗಂಡನ ಬೆರಳಿಗೆ ಕೊಟ್ಟಳು. ಎಡಗೈಗೆ ಉಣ್ಣೆ ಹಿಡಿಸಿದಳು. ಬೆರಳು ತಿರುವಿತು. ಗೇಣುದ್ದ ನೂಲು ಬಂತು.

"ಮೋಡ ಐತೆ," ಎಂದ ಕರಿಸಿದ್ದಪ್ಪ. "ಮರಿ ಒಳಾಕೆ ಬಿಡು, ಕಾಳಿ."

ನೂಲು ಹರಿಯಿತು. ಇನ್ನೊಮ್ಮೆ ತಿರುವಲು ಬೆರಳಲ್ಲಿ ಬಲವಿರಲಿಲ್ಲ. ಹೊರಗೆ ರಣಬಿಸಿಲು. ಆದರೂ ಅವಳು ಎದ್ದು ಹೋಗಿ ಮರಿಗಳನ್ನೆಲ್ಲ ಒಳಗೆ ಬಿಟ್ಟು ಬಂದಳು.

ಆಮೇಲೆ ಅವನು ಮಾತಾಡಲಿಲ್ಲ. ಒಂಬತ್ತನೆಯ ದಿನ ಮತ್ತೆ ಲಕ್ವ ಹೊಡೆದು ಹೋಗಿಬಿಟ್ಟ.

ಮಣ್ಣಿಗಿಡುವಾಗ ಸಣ್ಣಪ್ಪ ಕದಿರನ್ನು ಹಿಡಿದು ಹಿಂಜರಿದ. "ಅತ್ತಿಗೆ, ದೇವ್ರಿಗೆ ಮುಡಿಪಿಟ್ಟಿದ್ದು..."

"ಅವರ ಕೈಯಾಗಿಡಪ್ಪ," ಎಂದಳು ಕಾಳಕ್ಕ. "ದೇವ್ರೇನು ಇದನ್ನ ಕೇಳಿರ್ಲಿಲ್ಲ. ನಾನೇ ಅವರಿಂದ ಕಸ್ಕಂಡಿದ್ದೆ."