ಗುಲಾಬಿ ಮರಿಗಳ ತಾಯಿ

ನಾನೊಂದು ನಾಟಿ ಹ್ಯಾಟೆ. ನಮ್ಮ ಮಂಡ್ಯದ ಕಡೆ ಹೆಣ್ಣುಕೋಳಿಗೆ ಹಾಗೆನ್ನುತ್ತಾರೆ. ಹೊಂಬಾಳಮ್ಮನ ಹಿತ್ತಲಿನ ಮಂಕರಿ ಬುಟ್ಟಿಯೊಂದರಲ್ಲಿ ಮೊಟ್ಟೆಯೊಡೆದು ಹೊರಬಂದೆ. ಆಗ ನನಗೆ ಕಂಡ ಲೋಕವೆಂದರೆ ಆಕೆಯ ಪಾದ, ಸೀರೆಯ ಅಂಚು, ಮೊರದಿಂದ ಉದುರುವ ನುಚ್ಚು.

ಎರಡನೇ ವರ್ಷ ಹತ್ತು ಮೊಟ್ಟೆಗಳ ಮೇಲೆ ಕಾವಿಗೆ ಕೂತೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಮಂಕರಿಯೊಳಗೆ ಕಬ್ಬಿಣದ ಚೂರು, ಇದ್ದಿಲು ಇಡುವುದು ವಾಡಿಕೆ. ಆ ಸಲ ಹೊಂಬಾಳಮ್ಮ ಮರೆತಳು. ಗುಡುಗು ಮಾತ್ರ ಮರೆಯದೆ ಬಂತು. ಇಪ್ಪತ್ತೊಂದು ದಿನ ಕಳೆದರೂ ಒಂದು ಮರಿಯೂ ಆಗಲಿಲ್ಲ.

ಆಕೆಯ ಗಂಡ ಜವರಪ್ಪ ಮಂಕರಿಗೆ ಇಣುಕಿದ. "ಭಾನುವಾರ ಅಳಿಯ ಬತ್ತನೆ. ಈ ಗೊಡ್ಡು ಹ್ಯಾಟೆ ಸಾರಿಗಾದ್ರೂ ಆಯ್ತದೆ ಬುಡು."

"ಕಬ್ಬಿಣ ಮಡುಗೋದ ಮರ್ತೋಳು ನಾನು. ಅದರ ಕುತ್ತಿಗೆ ಯಾಕ್ ಕುಯ್ದೀರಿ?"

ಮರಿ ಕಟ್ಟಿಕೊಂಡ ಕೋಳಿಯನ್ನು ಆ ಮನೆಯಲ್ಲಿ ಯಾರೂ ಕುಯ್ಯುವುದಿಲ್ಲ. ಹೊಂಬಾಳಮ್ಮ ಮರುದಿನ, ಮೊಪೆಡ್ಡಿನಲ್ಲಿ ಬಣ್ಣ ಹಚ್ಚಿದ ಕೋಳಿಮರಿ ಮಾರಲು ಬರುವವನ ಹತ್ತಿರ ಆರು ಮರಿ ಕೊಂಡು, ಮುಸ್ಸಂಜೆ ಮೆಲ್ಲಗೆ ನನ್ನ ಹೊಟ್ಟೆಯಡಿ ತೂರಿಸಿದಳು. ಮೂರು ಗುಲಾಬಿ, ಮೂರು ಹಸಿರು. ಮೈಯೆಲ್ಲ ಬಣ್ಣದ ವಾಸನೆ.

ಬೆಳಗ್ಗೆ ಜವರಪ್ಪ ಬಾಯಿ ಬಿಟ್ಟ. "ಗುಲಾಬಿ ಮರಿ ಮಾಡೋ ಕೋಳಿ ಎಲ್ಲಾರ ಕಂಡಿದ್ದೀಯಾ?"

"ನಿಮ್ಮ ವಂಶದಲ್ಲಿ ಇಲ್ದೆ ಇರಬೌದು, ನಮ್ಮ ಹಿತ್ತಲಲ್ಲಿ ಅದೆ."

"ಆಗಲಿ. ಭಾನುವಾರದವರೆಗೆ ನೋಡ್ತೀನಿ. ಸೇರಿಸ್ಕೊಂಡ್ರೆ ಸರಿ, ಕುಕ್ಕಿ ಓಡಿಸ್ತೋ, ಸಾರು."

ನಾನು ಕುಕ್ಕಲಿಲ್ಲ. ಆದರೆ ಯಂತ್ರದಲ್ಲಿ ಹುಟ್ಟಿದ ಆ ಮರಿಗಳಿಗೆ ನನ್ನ ಭಾಷೆಯೇ ಬಾರದು. ಕಾಳು ತೋರಿಸಿ ಕರೆದರೆ ಕಲ್ಲು ಕುಕ್ಕುತ್ತಿದ್ದವು. ಹಿಂಡಿನ ಬೋಳುಕತ್ತಿನ ಹ್ಯಾಟೆ ಗುಲಾಬಿ ಮರಿಯೊಂದನ್ನು ಹೂವೆಂದುಕೊಂಡು ಕಚ್ಚಿತು. ಅದರ ಬೋಳು ಕತ್ತಿಗೆ ನಾಲ್ಕು ಬಿಗಿದೆ. ಹುಂಜ ಮಾತ್ರ ಎಲ್ಲರ ಯಜಮಾನನಂತೆ ತಿಪ್ಪೆಯ ಮೇಲೆ ನಿಂತು ನೋಡುತ್ತಿತ್ತು.

ಭಾನುವಾರ ಬಂತು. ಅಳಿಯ ಶಿವನಂಜ ಹಿತ್ತಲ ಕಡೆಯ ಜಗಲಿಯಲ್ಲಿ ಕೂತಿದ್ದ. ಮರಿಗಳು ನನ್ನ ಮಾತು ಕೇಳದ್ದನ್ನೇ ನೆಪ ಮಾಡಿಕೊಂಡು ಜವರಪ್ಪ ಕುಡುಗೋಲು ಹಿಡಿದು ಹಿತ್ತಲಿಗೆ ಬಂದ. ಅದೇ ಹೊತ್ತಿಗೆ ನೆಲದ ಮೇಲೆ ಹದ್ದಿನ ನೆರಳು ಹರಿಯಿತು. ನಾನು "ಕುರ್ರ್" ಎಂದು ಎಚ್ಚರಿಸಿದೆ. ಹಿತ್ತಲಿನ ಮರಿಗಳೆಲ್ಲ ಹರಳುಗಿಡದಡಿ ಮಾಯ. ನನ್ನ ಆರು ಮರಿಗಳು ಮಾತ್ರ ಮದುವೆಮನೆಗೆ ಬಂದವರಂತೆ ನಡುಬಯಲಲ್ಲಿ ನಿಂತು ಆಕಾಶ ನೋಡುತ್ತಿದ್ದವು.

ಹೇಳಿ ಪ್ರಯೋಜನವಿಲ್ಲವೆಂದು ಹಾರಿ ಅವುಗಳ ಮೇಲೆಯೇ ಬಿದ್ದೆ. ರೆಕ್ಕೆ ಹರಡಿದೆ. ಹದ್ದಿಗೆ ಸಿಕ್ಕಿದ್ದು ನನ್ನ ಬೆನ್ನಿನ ಎರಡು ಗರಿ.

ಶಿವನಂಜ ಎದ್ದು ಬಂದ. "ಮಾವ, ಇದನ್ನ ಕುಯ್ದು ಬಡಿಸಿದ್ರೆ ನಂಗೆ ಗಂಟ್ಲಲ್ಲಿ ಇಳೀತದಾ?"

ಜವರಪ್ಪ ಕೈಯಲ್ಲಿದ್ದ ಕುಡುಗೋಲನ್ನು ಒಮ್ಮೆ ನೋಡಿಕೊಂಡ. "ಯಾರ್ ಕುಯ್ತೀನಿ ಅಂದ್ರು? ಸೊಪ್ಪಿಗೆ ಬಂದೆ ಕಣಪ್ಪ," ಎಂದು ಸೊಪ್ಪಿನ ಮಡಿಗೆ ಬಗ್ಗಿದ. ಅಂದು ಮನೆಯಲ್ಲಿ ಸೊಪ್ಪಿನ ಉಪ್ಸಾರು.

ಬಣ್ಣ ಉದುರಿದ ಮೇಲೆ ಆರೂ ಬಿಳಿ ಹುಂಜಗಳಾದವು. ತಿಪ್ಪೆಯ ಯಜಮಾನನಿಗೆ ನಿದ್ದೆ ಕೆಟ್ಟಿತು.

ಈಗ ನನಗೆ ವಯಸ್ಸಾಗಿದೆ, ಮೊಟ್ಟೆ ನಿಂತಿದೆ. ಆದರೂ ಮೊಪೆಡ್ಡಿನ ಸದ್ದು ಕೇಳಿದರೆ ಜವರಪ್ಪನೇ ಓಡಿ ಮರಿ ತರುತ್ತಾನೆ. "ಕೋಳಿಗೇನ್ ಗೊತ್ತಾಯ್ತದೆ, ತನ್ನವೇ ಅನ್ಕೊತದೆ" ಎಂದು ನನ್ನಡಿ ತಳ್ಳುತ್ತಾನೆ. ಗೊತ್ತಾಗುತ್ತದೆ ಸ್ವಾಮಿ. ಆದರೆ ನಡುಗುವ ಮರಿಯನ್ನು "ನೀನು ಯಾರ ಪೈಕಿ?" ಎಂದು ವಿಚಾರಿಸುತ್ತ ಕೂತರೆ, ಉತ್ತರ ಬರುವಷ್ಟರಲ್ಲಿ ಮರಿ ಇರುವುದಿಲ್ಲ. ಮೊದಲು ರೆಕ್ಕೆ ಎತ್ತಬೇಕು.