ಪೂರ್ವದ ಗುಂಪಿಗೆ ವರ್ಗ

"ಅನಂತು, ನೀನು ಮೇಲಿನೋರಿಗೆ ಒಂದು ಮಾತು ಹೇಳಿ ಇದನ್ನ ನಿಲ್ಲಿಸಪ್ಪ," ಎಂದಳು ರಮಾ ದನಿ ತಗ್ಗಿಸಿ, ಹೋಳಿಗೆಯ ಡಬ್ಬಿಯನ್ನು ಅವನ ಕಡೆ ಸರಿಸುತ್ತ.

ಪಾಲೋ ಆಲ್ಟೋದ ತನ್ನ ಅಡುಗೆಮನೆಯಲ್ಲಿ ಅನಂತಪದ್ಮನಾಭ ಕಾಫಿ ಸೋಸುತ್ತಿದ್ದ. ವೃತ್ತಿಪರ ಬಾಸ್ಕೆಟ್‌ಬಾಲ್ ಪಂದ್ಯಗಳ ವೇಳಾಪಟ್ಟಿಯನ್ನು ಕಂಪ್ಯೂಟರಿನಲ್ಲಿ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಅವನ ಕೆಲಸ. ೧೯೮೮ರ ಆ ಬೇಸಿಗೆಯಲ್ಲಿ ಲೀಗಿಗೆ ಹೊಸ ತಂಡಗಳು ಸೇರಿ, ಅವುಗಳಿಗೆ ಜಾಗ ಮಾಡಲು ಗುಂಪುಗಳನ್ನೇ ಮತ್ತೆ ಹಂಚಿದ್ದರು. ರಮಾಳ ಮಗ ಜಯರಾಮನ ತಂಡ ಪೂರ್ವದ ಗುಂಪಿಗೆ ಹೋಗಿತ್ತು.

ಜಯರಾಮ ಆಟಗಾರನಲ್ಲ, ಆಟಗಾರರ ಉಳುಕಿದ ಕಾಲಿಗೆ ಪಟ್ಟಿ ಸುತ್ತುವವನು. ಡಾಕ್ಟರ್ ಓದನ್ನು ಅರ್ಧಕ್ಕೆ ಬಿಟ್ಟು ಆ ಕೆಲಸಕ್ಕೆ ಸೇರಿದಾಗ, ಸ್ವತಃ ಡಾಕ್ಟರಾದ ತಂದೆ ಶೇಷಾದ್ರಿ, "ಕಂಡೋರ ಕಾಲು ಒತ್ತೋನು ನನ್ನ ಹೊಸಿಲು ತುಳೀಬೇಕಾಗಿಲ್ಲ" ಎಂದಿದ್ದರು. ಅಂದಿನಿಂದ ತಂಡ ಹತ್ತಿರದ ಓಕ್‌ಲ್ಯಾಂಡಿಗೆ ಆಡಲು ಬಂದಾಗಲೆಲ್ಲ ರಮಾ ಗಂಡನಿಗೆ ಭಜನೆ ಎಂದು ಹೇಳಿ, ಅನಂತುವಿನ ಹೆಂಡತಿ ಮೈಥಿಲಿಯ ಕಾರಿನಲ್ಲಿ ಹೋಗಿ, ಹೋಟೆಲಿನ ಲಾಬಿಯಲ್ಲಿ ಮಗ ಉಣ್ಣುವುದನ್ನು ನೋಡಿಕೊಂಡು ಬರುತ್ತಿದ್ದಳು. ಓಕ್‌ಲ್ಯಾಂಡಿನ ತಂಡದ್ದೂ ಜಯರಾಮನ ತಂಡದ್ದೂ ಒಂದೇ ಗುಂಪಾದ್ದರಿಂದ ವರ್ಷಕ್ಕೆ ಮೂರು ಸಲ. ಇನ್ನು ಒಂದೇ ಸಲ.

"ಆಂಟಿ, ತಂಡದ ಓನರುಗಳೆಲ್ಲ ಓಟು ಹಾಕಿ ಮಾಡಿರೋದು. ಅವರು ಕೊಟ್ಟಿದ್ದನ್ನ ನಾನು ಮೆಷಿನ್ನಿಗೆ ತುಂಬ್ತೀನಿ, ಅಷ್ಟೆ."

"ನಮ್ಮಣ್ಣಂಗೆ ರಾಯಚೂರಿಗೆ ಟ್ರಾನ್ಸ್‌ಫರ್ ಆದಾಗ್ಲೂ ಎಲ್ಲರೂ ಹಿಂಗೇ ಅಂದ್ರು. ಮಿನಿಸ್ಟ್ರ ಪಿ.ಎ. ಹೆಂಡತೀನ ಹಿಡಿದು ಆರ್ಡರೇ ಕ್ಯಾನ್ಸಲ್ ಮಾಡಿಸಿದ್ವಿ."

"ಇದು ಪಿಡಬ್ಲ್ಯೂಡಿ ಅಲ್ಲ ಆಂಟಿ."

"ಇವರ ಮಾತು ಮನೇಲೇ ನಡೆಯಲ್ಲ, ಇನ್ನು ಅಲ್ಲಿ ನಡೆಯುತ್ತಾ?" ಎಂದಳು ಪಾತ್ರೆ ತೊಳೆಯುತ್ತಿದ್ದ ಮೈಥಿಲಿ.

"ಹೋಗ್ಲಿ, ಒಂದು ಸಲ ಬರೋದನ್ನ ಎರಡು ಸಲಾನಾದ್ರೂ ಮಾಡಿಸು," ಎಂದಳು ರಮಾ. ತರಕಾರಿಯವನ ಹತ್ತಿರ ಚೌಕಾಸಿ ಮಾಡಿದ ಹಾಗೆ ಕೇಳಿಸಿತು ಅವಳಿಗೇ.

ಮೈಥಿಲಿ ತಟ್ಟನೆ ನಲ್ಲಿ ನಿಲ್ಲಿಸಿದಳು. ಹಾಲಿನಲ್ಲಿ ಪೇಪರು ಓದುತ್ತಿದ್ದ ಶೇಷಾದ್ರಿ ಖಾಲಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಆ ಒಂದು ಸಲ ಯಾವಾಗ?" ಅವರು ಅನಂತುವನ್ನು ಕೇಳಿದರು.

"ಫೆಬ್ರವರೀಲಿ, ಡಾಕ್ಟ್ರೇ. ಎರಡನೇ ವಾರ."

"ಆಗ ನಾವು ಮೈಸೂರಲ್ಲಿರ್ತೀವಿ. ಅಮ್ಮನ ವರ್ಷಾಬ್ದಿಕ."

ಆ ತಿಥಿಯನ್ನು ಯಾರೂ ಹಿಂದೆ ಮುಂದೆ ಮಾಡುವಂತಿರಲಿಲ್ಲ. ಅವರ ತಾಯಿಗೆ ಅವರೊಬ್ಬರೇ ಮಗ. ಪಕ್ಕದಲ್ಲಿ ಹೆಂಡತಿ ಇರಲೇಬೇಕು. ರಮಾ ಗಂಡನ ಮುಖದಲ್ಲಿ ಸಿಟ್ಟು ಹುಡುಕಿದಳು. ಇರಲಿಲ್ಲ. ಸಿಟ್ಟಿದ್ದಿದ್ದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು.

ಹೊರಟಾಗ ಇನ್ನೂ ಬಿಸಿಲಿತ್ತು. ಫ್ರೀವೇಯಲ್ಲಿ ಸನ್ನಿವೇಲಿನ ತಮ್ಮ ಮನೆಯ ಕಡೆ ಇಳಿಯುವ ಎಕ್ಸಿಟ್ ಹತ್ತಿರ ಬಂದಾಗ ಶೇಷಾದ್ರಿ ಇಂಡಿಕೇಟರ್ ಹಾಕಿದರು, ತಿರುಗಿಸಲಿಲ್ಲ. ಜಯರಾಮ ಹೊಸಿಲು ತುಳಿಯದ ಮನೆಯ ಎಕ್ಸಿಟ್ ಹಿಂದೆ ಹೋಯಿತು. ಮುಂದಿನದೂ ಹೋಯಿತು. ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಆರಿಸಿ ಎಂದು ರಮಾ ಹೇಳಲಿಲ್ಲ.